ಕುದುರೆ ನಿಮ್ಮನ್ನು ನಂಬಬೇಕಾದರೆ: ಹೊಸಹಳ್ಳಿ ಸೀಮೆಯ ಹುಡುಗರಿಗೆ ಕಿವಿಮಾತು

ಜಾತ್ರೆಗೆ, ಮದುವೆ ಮೆರವಣಿಗೆಗೆ, ಇಲ್ಲವೇ ಬರೀ ಮನಸ್ಸಿನ ಆಸೆಗೆ ಕುದುರೆ ಕಟ್ಟಿಕೊಂಡ ಹುಡುಗರು ಬಂದು ಕೇಳುವ ಪ್ರಶ್ನೆ ಒಂದೇ: ಇದು ನನ್ನ ಮಾತು ಕೇಳುವಂತೆ ಮಾಡುವುದು ಹೇಗೆ? ಪ್ರಶ್ನೆಯನ್ನು ತಿರುಗಿಸಿಕೊಳ್ಳಿ ಎನ್ನುತ್ತೇನೆ. ಮುಂದಿನ ಗಳಿಗೆಯಲ್ಲಿ ನೀವು ಏನು ಮಾಡುತ್ತೀರಿ ಎಂದು ನಿಮ್ಮ ಕುದುರೆಗೆ ಗೊತ್ತಿದೆಯೇ? ಗೊತ್ತಿದ್ದರೆ ಅದು ನಿಮ್ಮನ್ನು ನಂಬುತ್ತದೆ. ಗೊತ್ತಿಲ್ಲದಿದ್ದರೆ ಎಷ್ಟು ಬೆಲ್ಲ ತಿನ್ನಿಸಿದರೂ, ಎಷ್ಟು ಮೈದಡವಿದರೂ ಅದರ ಒಂದು ಕಿವಿ ನಿಮ್ಮ ಕೈಯ ಕಡೆಗೇ ತಿರುಗಿರುತ್ತದೆ.

ಕುದುರೆ ಇನ್ನೊಂದು ಪ್ರಾಣಿಯ ಬಾಯಿಗೆ ಬೀಳದಂತೆ ಓಡಿ ಬದುಕಿದ ಜೀವ. ಅದಕ್ಕೆ ಕೊಂಬಿಲ್ಲ, ಕೋರೆಯಿಲ್ಲ. ಸಂಶಯ ಬಂದರೆ ಮೊದಲು ಓಡು, ಆಮೇಲೆ ವಿಚಾರ ಮಾಡು ಎಂಬುದೇ ಅದರ ಬುದ್ಧಿ. ಅಂಥ ಜೀವ ತನ್ನ ಬೆನ್ನನ್ನು, ಹುಲಿ ಚಿರತೆ ಎರಗುವ ಆ ಜಾಗವನ್ನೇ, ಮನುಷ್ಯನಿಗೆ ಬಿಟ್ಟುಕೊಡುತ್ತದೆ. ಇದೆಷ್ಟು ದೊಡ್ಡ ಮಾತು ಎಂದು ಮನಸ್ಸಿಗೆ ಹತ್ತಿದವರು ಮುಂದೆ ಓದಿ.

• ಕೊಳ್ಳುವಾಗ ಸುಳಿ ನೋಡುವವರು ನೋಡಲಿ. ನಮ್ಮ ಹಿರಿಯರು ಅದನ್ನು ಬಿಟ್ಟವರಲ್ಲ. ಕನ್ನಡದಲ್ಲಿ ಕುದುರೆಯ ಲಕ್ಷಣ, ರೋಗ, ಔಷಧಿಗಳ ವಿದ್ಯೆಯೇ ಇತ್ತು. ಅಭಿನವಚಂದ್ರನೆಂಬ ಜೈನ ಪಂಡಿತ ಸುಮಾರು ಆರು ನೂರು ವರ್ಷಗಳ ಹಿಂದೆಯೇ ಅಶ್ವವೈದ್ಯ ಬರೆದ. ಆದರೆ ಸುಳಿ ನೋಡಿ ಮುಗಿದ ಮೇಲೆ ಬಾಯಿಯ ಎರಡೂ ಮೂಲೆ ಸವರಿ ನೋಡಿ. ಅಲ್ಲಿ ಚರ್ಮ ಗಡುಸಾಗಿದ್ದರೆ, ಹಳೆಯ ಗಾಯದ ಗುರುತಿದ್ದರೆ, ಯಾರೋ ಲಗಾಮನ್ನು ಜಗ್ಗಿ ಜಗ್ಗಿ ಇಟ್ಟಿದ್ದಾರೆ. ಕೈ ಎತ್ತಿದರೆ ತಲೆ ಮೇಲಕ್ಕೆ ಹಾರುತ್ತದೆಯೇ ನೋಡಿ. ಕಾಲು ಎತ್ತಿಸಿ ನೋಡಿ. ಮಾರುವವನು ಹತ್ತಿರ ಬಂದಾಗ ಕುದುರೆ ಅವನ ಕಡೆ ಮುಖ ಮಾಡುತ್ತದೋ, ಹಿಂಭಾಗ ತಿರುಗಿಸುತ್ತದೋ ನೋಡಿ. ಮಾರುವವನ ಬಾಯಿ ಹೇಳದ ಸಂಗತಿಯನ್ನು ಅದು ಹೇಳುತ್ತದೆ.

• ಬಗ್ಗಿದ ಕಿವಿಯ ಮಾರವಾಡಿ ಕುದುರೆಯೇ ಬೇಕೆಂದು ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆವರೆಗೆ ಹೋಗುವವರಿದ್ದಾರೆ. ಚೆಂದದ ತಳಿ, ಬೇಡ ಎನ್ನುವುದಿಲ್ಲ. ಆದರೆ ಮೊದಲ ಸಲ ಕುದುರೆ ಸಾಕುವವರಿಗೆ ದಖ್ಖನ್ನಿನ ಗಿಡ್ಡ ತಟ್ಟುವೇ ಸರಿ. ನಮ್ಮ ಬಿಸಿಲು, ನಮ್ಮ ಕಲ್ಲು, ನಮ್ಮ ಒಣ ಮೇವು ಅದಕ್ಕೆ ಹುಟ್ಟಿನಿಂದ ಗೊತ್ತು. ಇದೇ ಬಗೆಯ, ಭೀಮಾ ತೀರದ ಭೀಮಥಡಿ ಕುದುರೆ ಈಚೆಗೆ ಪ್ರತ್ಯೇಕ ತಳಿಯೆಂದು ನೋಂದಣಿಯಾಗಿದೆ. ಕುರಿ ಕಾಯುವ ಧನಗರರು ಅದನ್ನು ತಲೆಮಾರುಗಳಿಂದ ಹಿಂಡಿನ ಜೊತೆ ಉಳಿಸಿಕೊಂಡು ಬಂದರು.

• ಕೊಳ್ಳುವ ಮೊದಲು ಗ್ಲಾಂಡರ್ಸ್ ರಕ್ತಪರೀಕ್ಷೆಯ ಚೀಟಿ ಕೇಳಿ. ಮೂಗಿನಲ್ಲಿ ಸಿಂಬಳ, ಚರ್ಮದಲ್ಲಿ ಗಂಟು ತರುವ ಈ ರೋಗ ಮನುಷ್ಯರಿಗೂ ಹತ್ತುತ್ತದೆ. ಪ್ರೀತಿಯ ಮಾತು ಆಮೇಲೆ.

• ಮನೆಗೆ ತಂದ ಮೊದಲ ಹದಿನೈದು ದಿನ ಹತ್ತಬೇಡಿ. ಊರಿನವರು ನಗುತ್ತಾರೆ, ನಗಲಿ. ಆ ಹೊತ್ತಿನಲ್ಲಿ ನೀರು ಇಡಿ, ಮೇವು ಹಾಕಿ, ಲದ್ದಿ ಬಳಿಯಿರಿ, ಹತ್ತಿರ ಕುಳಿತು ನಿಮ್ಮ ಬೇರೆ ಕೆಲಸ ಮಾಡಿಕೊಳ್ಳಿ. ಒಂದೇ ಹೊತ್ತಿಗೆ ಬನ್ನಿ, ಒಂದೇ ದನಿಯಲ್ಲಿ ಹೆಸರು ಕರೆಯಿರಿ. ನೀವು ಬಂದಾಗಲೆಲ್ಲ ಕೆಲಸ, ಹಗ್ಗ, ಜೀನು ಎಂದಾದರೆ ನಿಮ್ಮ ಹೆಜ್ಜೆ ಸಪ್ಪಳಕ್ಕೇ ಅದು ಮೈ ಬಿಗಿಯುತ್ತದೆ. ಏನೂ ಕೇಳದೆ ಬಂದು ಏನೂ ಕೇಳದೆ ಹೋಗುವ ಭೇಟಿಗಳೂ ಇರಬೇಕು.

• ಒಂಟಿ ಕುದುರೆ ಕಟ್ಟಬೇಡಿ. ನಮ್ಮ ಸೀಮೆಯಲ್ಲಿ ಬೀಡುಬಿಡುವ ಕುರಿಗಾರರ ಹಟ್ಟಿಗೆ ಒಮ್ಮೆ ಹೋಗಿ ನೋಡಿ. ಕಂಬಳಿ, ಪಾತ್ರೆ, ಬಲೆ, ಆಗ ತಾನೇ ಹುಟ್ಟಿದ ಮರಿ ಎಲ್ಲವನ್ನೂ ಹೊತ್ತ ತಟ್ಟು ಹಿಂಡಿನ ಜೊತೆ ತಾನೂ ಒಬ್ಬನೆಂಬಂತೆ ನಡೆಯುತ್ತದೆ. ಅದರ ಹೊಟ್ಟೆಯ ಕೆಳಗೆ ಮಕ್ಕಳು ನುಸುಳಿ ಆಡಿದರೂ ಕಾಲು ಕೀಳುವುದಿಲ್ಲ. ಅದನ್ನು ಯಾವ ಶಾಲೆಯಲ್ಲೂ ತಿದ್ದಿಲ್ಲ. ಹಗಲೂ ರಾತ್ರಿ ಅದೇ ಜನ, ಅದೇ ನಾಯಿ, ಅದೇ ಕುರಿ, ಅದೇ ಕೂಗು. ಬಿಡಾರ ಊರಿಂದ ಊರಿಗೆ ಬದಲಾದರೂ ಹಟ್ಟಿ ಬದಲಾಗುವುದಿಲ್ಲ. ಕುದುರೆಗೆ ಮನೆಯೆಂದರೆ ಗೋಡೆಯಲ್ಲ, ಜೊತೆ. ಇನ್ನೊಂದು ಕುದುರೆ ಕೊಳ್ಳಲಾಗದಿದ್ದರೆ ಕಣ್ಣಿಗೆ ಕಾಣುವಂತೆ, ಮೂಗಿಗೆ ತಾಗುವಂತೆ ಆಡನ್ನೋ ಕರುವನ್ನೋ ಕಟ್ಟಿ. ಕುದುರೆ ನಿಂತೇ ತೂಗಡಿಸಬಲ್ಲದು. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ಕಾವಲಿಗೆ ಇನ್ನೊಂದು ಜೀವವಿಲ್ಲದಿದ್ದರೆ ಎಷ್ಟೋ ಕುದುರೆ ಮಲಗುವುದೇ ಇಲ್ಲ. ನಿದ್ದೆಗೆಟ್ಟ ಜೀವದಿಂದ ಸಮಾಧಾನವನ್ನು ಹೇಗೆ ಕೇಳುತ್ತೀರಿ?

• ಅದರ ಕಣ್ಣಿನಿಂದ ಲೋಕ ನೋಡುವುದನ್ನು ಕಲಿಯಿರಿ. ಕಣ್ಣು ತಲೆಯ ಎರಡು ಬದಿಗಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ನಾವು ಹೋಗಿ ಕೈಯಿಡುವುದು ಹಣೆಗೇ! ಭುಜದ ಕಡೆಯಿಂದ, ಮಾತಾಡುತ್ತ ಹೋಗಿ. ಬಿಸಿಲಿನಿಂದ ಕತ್ತಲ ಕೊಟ್ಟಿಗೆಗೆ ಕರೆದೊಯ್ಯುವಾಗ ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಲ್ಲಿ. ಕತ್ತಲಿಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳಿವೆ. ಇಳಿಹೊತ್ತಿನಲ್ಲಿ ಅವುಗಳ ರೆಕ್ಕೆಯ ನೆರಳು ಹೊಲದ ಮೇಲೆ ಗುಡಿಸಿದಂತೆ ಓಡುತ್ತದೆ. ನಿಮಗೆ ಅದು ನೆರಳು, ಕುದುರೆಗೆ ನೆಲವೇ ತನ್ನ ಕಡೆ ಬಂದ ಹಾಗೆ. ಮೊದಲ ದಿನ ದೂರದಲ್ಲಿ ನಿಲ್ಲಿಸಿ, ತಲೆ ಎತ್ತಿ ನೋಡಲು ಲಗಾಮು ಸಡಿಲ ಬಿಡಿ. ಎಡಗಣ್ಣಿಗೆ ತೋರಿಸಿದ್ದನ್ನು ಬಲಗಣ್ಣಿಗೂ ತೋರಿಸಿ. ಹೋಗುವಾಗ ಸುಮ್ಮನಿದ್ದ ಕುದುರೆ ಬರುವಾಗ ಅದೇ ಕಲ್ಲಿಗೆ ಬೆದರಿದರೆ ಸೊಕ್ಕು ಎನ್ನಬೇಡಿ. ಈ ಬಾರಿ ಆ ಕಲ್ಲು ಅದಕ್ಕೆ ಇನ್ನೊಂದು ಬದಿಯಿಂದ ಕಂಡಿದೆ.

• ಗುಡೇಕೋಟೆ ಕಡೆ, ಕರಡಿಧಾಮದ ಅಂಚಿನ ದಾರಿಯಲ್ಲಿ ಹೋಗುವಾಗ ಕುದುರೆ ಕಾರಣವಿಲ್ಲದೆ ನಿಂತರೆ ನೀವೂ ನಿಲ್ಲಿ. ಅದರ ಮೂಗಿಗೆ ಏನು ಬಂದಿದೆಯೋ ನಿಮಗೆ ತಿಳಿಯದು. ನಂಬಿಕೆ ಒಂದು ಕಡೆಯ ಸಾಲವಲ್ಲ; ನೀವೂ ಅದನ್ನು ನಂಬಬೇಕು.

• ಕತ್ತಿನ ಮೇಲೆ ಪಟಪಟನೆ ಬಡಿದು ಶಹಬ್ಬಾಸ್ ಅನ್ನುವ ಅಭ್ಯಾಸ ಬಿಡಿ. ಕುದುರೆಗಳು ಪ್ರೀತಿ ತೋರಲು ಒಂದನ್ನೊಂದು ಬಡಿಯುವುದಿಲ್ಲ. ಸ್ನೇಹಿತ ಕುದುರೆಗಳು ಎದುರುಬದುರು ನಿಂತು, ಕತ್ತು ಬೆನ್ನಿಗೆ ಸೇರುವ ಹೆಗಲ ದಿಬ್ಬವನ್ನು ಹಲ್ಲಿನಿಂದ ಕೆರೆದುಕೊಡುತ್ತವೆ. ಫ್ರಾನ್ಸಿನಲ್ಲಿ ಕಾಮಾರ್ಗ್ ಕುದುರೆಗಳ ಆ ಜಾಗವನ್ನು ಕೈಯಿಂದ ಕೆರೆದು ನೋಡಿದಾಗ ಎದೆಬಡಿತ ಇಳಿಯಿತೆಂದು 1993ರ ಒಂದು ಅಧ್ಯಯನ ತೋರಿಸಿತು. ನೀವೂ ಅಲ್ಲೇ ಬೆರಳೂರಿ ಕೆರೆಯಿರಿ. ಕೆಳತುಟಿ ಜೋತುಬಿದ್ದು ಕಣ್ಣು ಅರೆಮುಚ್ಚಿದರೆ ಸರಿಯಾದ ಜಾಗ ಸಿಕ್ಕಿತೆಂದು ತಿಳಿಯಿರಿ.

• ಇನ್ನು ಕಲಿಸುವ ಮಾತು. ಇದೊಂದನ್ನು ನಿಧಾನವಾಗಿ ಓದಿ, ಉಳಿದದ್ದನ್ನು ಮರೆತರೂ ನಡೆದೀತು. ಕುದುರೆ ಕಲಿಯುವುದು ನೀವು ಒತ್ತಿದಾಗ ಅಲ್ಲ, ಒತ್ತಿದ್ದನ್ನು ಬಿಟ್ಟಾಗ. ಹಿಂದೆ ಸರಿ ಎಂದು ಎದೆಗೆ ಬೆರಳೂರುತ್ತೀರಿ. ಅದು ಒಂದು ಕಾಲು ಹಿಂದಿಟ್ಟಿತು. ಆ ಕ್ಷಣಕ್ಕೇ ಬೆರಳು ತೆಗೆಯಬೇಕು. ಎರಡು ಕ್ಷಣ ತಡವಾದರೆ, ಹಿಂದಿಟ್ಟಿದ್ದಕ್ಕೂ ಬಿಟ್ಟಿದ್ದಕ್ಕೂ ಇರುವ ಸಂಬಂಧ ಅದಕ್ಕೆ ತಿಳಿಯುವುದಿಲ್ಲ. ಹೇಳಿದಂತೆ ಮಾಡಿದ ಮೇಲೂ ಲಗಾಮು ಜಗ್ಗಿಯೇ ಹಿಡಿಯುವವನ ಕುದುರೆ ಏನು ಕಲಿಯುತ್ತದೆ? ಏನು ಮಾಡಿದರೂ ನೋವು ತಪ್ಪದು ಎಂದು ಕಲಿಯುತ್ತದೆ. ಅಲ್ಲಿಂದ ಮುಂದೆ ಎರಡೇ ದಾರಿ. ಕೆಲವು ಕುದುರೆ ತಿರುಗಿ ಬೀಳುತ್ತವೆ. ಕೆಲವು ಒಳಗೇ ಕದ ಹಾಕಿಕೊಂಡು ಕಲ್ಲಾಗುತ್ತವೆ. ಜನ ಎರಡನೆಯದನ್ನು ಸಾಧು ಕುದುರೆ ಎನ್ನುತ್ತಾರೆ. ಅದನ್ನು ಗಮನಿಸಿ ನೋಡಿ: ನೊಣ ಕೂತರೂ ಚರ್ಮ ನಡುಗದು, ಕರೆದರೆ ಕಿವಿ ತಿರುಗದು. ಅದು ಸಾಧುತನವಲ್ಲ, ಸೋತುಹೋಗಿರುವುದು. ತಿರುಗಿ ಬೀಳುವ ಕುದುರೆಯನ್ನು ಸರಿಮಾಡುವುದಕ್ಕಿಂತ ಇಂಥದ್ದನ್ನು ಮತ್ತೆ ಎಚ್ಚರಿಸುವುದು ಕಷ್ಟ.

• ಹೀಗಾಗಿ ಕೇಳುವುದನ್ನು ಸಣ್ಣದಾಗಿ ಕೇಳಿ. ಮೊದಲು ಉಸಿರು, ಆಮೇಲೆ ಮಾತು, ಆಮೇಲೆ ಕಾಲು, ಕಡೆಗೆ ಕೈ. ನೊಣ ಕೂತದ್ದು ತಿಳಿಯುವ ಚರ್ಮಕ್ಕೆ ಹಿಮ್ಮಡಿಯಿಂದ ಗುದ್ದುವ ಅವಶ್ಯಕತೆಯಿಲ್ಲ. ನಿಲ್ಲಲು ‘ಹೋ’ ಎಂದರೆ ಯಾವಾಗಲೂ ‘ಹೋ’ ಎಂದೇ ಇರಲಿ. ಮನೆಯಲ್ಲಿ ಅಪ್ಪ ಒಂದು ಕೂಗು, ಮಗ ಒಂದು ಕೂಗು ಬೇಡ. ಪಾಠ ಕಾಲು ಗಂಟೆ ಸಾಕು. ಒಂದು ಸಲ ಸರಿಯಾಗಿ ಮಾಡಿತೋ, ಅಲ್ಲಿಗೇ ನಿಲ್ಲಿಸಿ, ಇಳಿಯಿರಿ. ಇನ್ನೊಂದು ಸಲ ನೋಡೋಣ ಎನ್ನುವ ಆಸೆಯೇ ಕಲಿತದ್ದನ್ನು ಕೆಡಿಸುವುದು.

• ನಿಮ್ಮ ಭಯ ಜೀನಿನ ಮೂಲಕ ಇಳಿಯುತ್ತದೆ. ಸ್ವೀಡನ್ನಿನಲ್ಲಿ ಸವಾರರಿಗೂ ಕುದುರೆಗೂ ಎದೆಬಡಿತ ಅಳೆಯುವ ಯಂತ್ರ ಕಟ್ಟಿ, ಒಂದೇ ದಾರಿಯಲ್ಲಿ ಹಲವು ಸಲ ನಡೆಸಿದರು. ಕಡೆಯ ಸಲ, ಈಗ ಕುದುರೆಯ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಎಂದು ಸವಾರರಿಗೆ ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದೂ ಏರಿತು. 2009ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಬಹಳ ಮುಖ್ಯ. ನಮ್ಮ ಕಾನಾಹೊಸಹಳ್ಳಿಯ ಮಗ್ಗುಲಲ್ಲೇ 50ನೇ ರಾಷ್ಟ್ರೀಯ ಹೆದ್ದಾರಿ ಓಡುತ್ತದೆ. ಅದಿರು ಲಾರಿ ಹಾರ್ನ್ ಹೊಡೆದಾಗ ಕುದುರೆಗಿಂತ ಮೊದಲು ನಿಮ್ಮ ತೊಡೆ ಬಿಗಿಯುತ್ತದೆ, ನಿಮ್ಮ ಉಸಿರು ನಿಲ್ಲುತ್ತದೆ. ಮೇಲೆ ಕೂತವನಿಗೆ ಏನೋ ಕಂಡಿದೆ ಎಂದುಕೊಂಡು ಅದು ಜಿಗಿಯುತ್ತದೆ. ಲಾರಿ ಕಂಡ ಕೂಡಲೇ ಉಸಿರನ್ನು ಉದ್ದಕ್ಕೆ ಹೊರಬಿಡಿ, ಭುಜ ಇಳಿಸಿ. ದನಿ ಕೂಡಿಬಂದರೆ ಮೆಲ್ಲಗೆ ಏನಾದರೂ ಹಾಡಿಕೊಳ್ಳಿ. ಹಾಡುವವನು ಉಸಿರು ಕಟ್ಟಲಾರ. ಕುದುರೆ ಲಾರಿಗೆ ಪೂರ್ತಿ ಒಗ್ಗುವವರೆಗೆ ಹೆದ್ದಾರಿಯ ಡಾಂಬರು ಬೇಡವೇ ಬೇಡ. ಬೆಳಗಿನ ಜಾವದ ಹೊಲದ ದಾರಿ ಸಾಕು.

• ಕಿವಿ ಹಿಂದಕ್ಕೆ ಅಂಟಿಕೊಂಡರೆ ಸಿಟ್ಟು. ಎರಡೂ ಮುಂದಕ್ಕೆ ನಿಮಿರಿದರೆ ದೂರದಲ್ಲೇನೋ ಇದೆ. ಒಂದು ಮುಂದೆ, ಒಂದು ನಿಮ್ಮ ಕಡೆ ಇದ್ದರೆ ದಾರಿಯನ್ನೂ ನೋಡುತ್ತಿದೆ, ನಿಮ್ಮನ್ನೂ ಕೇಳುತ್ತಿದೆ. ಸವಾರಿಯಲ್ಲಿ ನಿಮಗೆ ಬೇಕಾದದ್ದು ಈ ಮೂರನೆಯದು. ಬಾಯಿ ಚಪ್ಪರಿಸಿ, ತಲೆ ತಗ್ಗಿಸಿ, ಬುಸ್ಸೆಂದು ಉಸಿರುಬಿಟ್ಟರೆ ಬಿಗಿ ಸಡಿಲಾಯಿತು ಎಂದರ್ಥ.

• ಮುಳ್ಳಿನ ಕಡಿವಾಣ ಹಾಕುವವರನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ನನ್ನ ಹಟ ಮಾತ್ರವಲ್ಲ, ಕಾನೂನು ಕೂಡ: 1965ರ ಭಾರ ಎಳೆಯುವ, ಹೊರುವ ಪ್ರಾಣಿಗಳ ನಿಯಮಗಳು ಮುಳ್ಳಿನ ಕೋಲು, ಮುಳ್ಳಿನ ಕಡಿವಾಣ ಎರಡನ್ನೂ ನಿಷೇಧಿಸಿವೆ. ತಟ್ಟುವಿನ ಮೇಲೆ 70 ಕೆ.ಜಿ.ಗಿಂತ ಹೆಚ್ಚು ಹೊರೆ ಹೇರಬಾರದು, 37 ಡಿಗ್ರಿ ಮೀರುವ ಸೀಮೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು ಎಂದೂ ಅದೇ ನಿಯಮಗಳಲ್ಲಿದೆ. ನಮ್ಮ ಏಪ್ರಿಲ್, ಮೇ ತಿಂಗಳಿಗೆ ಇದಕ್ಕಿಂತ ಬುದ್ಧಿಯ ಮಾತಿಲ್ಲ. ಕುದುರೆ ಬೆವರಿನಲ್ಲಿ ಬಹಳ ಉಪ್ಪು ಕಳೆದುಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ಉಪ್ಪಿನ ಗಡ್ಡೆ ಯಾವಾಗಲೂ ಇರಲಿ, ನೀರಿನ ತೊಟ್ಟಿ ಬತ್ತದಿರಲಿ.

• ತುಂಟತನ ಎನ್ನುವ ಮೊದಲು ನೋವು ಹುಡುಕಿ. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆಯೇ? ಬೆನ್ನು ಒತ್ತಿ ನೋಡಿ, ಜೀನು ಹೆಗಲ ದಿಬ್ಬಕ್ಕೆ ಉಜ್ಜುತ್ತಿರಬಹುದು. ಲಗಾಮು ಹಿಡಿದರೆ ತಲೆ ಒಗೆಯುತ್ತದೆಯೇ? ದವಡೆ ಹಲ್ಲು ಚೂಪಾಗಿ ಕೆನ್ನೆ ಕೊಯ್ಯುತ್ತಿರಬಹುದು. ಇಳಿಜಾರಿನಲ್ಲಿ ಮುಂದಡಿ ಇಡದೆ ನಿಲ್ಲುತ್ತದೆಯೇ? ಗೊರಸು ಎತ್ತಿ ಕಲ್ಲು ಸಿಕ್ಕಿದೆಯೋ ನೋಡಿ. ಗೊರಸನ್ನು ದಿನಾ ಕೆರೆದು, ಆರೇಳು ವಾರಕ್ಕೊಮ್ಮೆ ಕತ್ತರಿಸಿ ಸಮಮಾಡಿಸಬೇಕು. ನೋವಿನಲ್ಲಿರುವ ಕುದುರೆಗೆ ಪೆಟ್ಟು ಕೊಟ್ಟರೆ, ನೋವಿಗೂ ನಿಮಗೂ ಇರುವ ನಂಟು ಅದರ ನೆನಪಿನಲ್ಲಿ ಕೂತುಬಿಡುತ್ತದೆ. ಕುದುರೆಯ ನೆನಪು ಉದ್ದ.

• ಹೊಟ್ಟೆಯ ವಿಷಯ. ಹುಲ್ಲು ಮೊದಲು, ಕಾಳು ಆಮೇಲೆ. ಹುರಳಿಯನ್ನು ರಾತ್ರಿ ನೆನೆಹಾಕಿ, ಒಡೆಯುವವರೆಗೆ ಬೇಯಿಸಿ, ಆರಿಸಿ, ಹಿಡಿಯಷ್ಟರಿಂದ ಆರಂಭಿಸಿ ಏರಿಸಿ. ಯಾವ ಮೇವನ್ನೂ ಒಮ್ಮೆಲೇ ಬದಲಿಸಬೇಡಿ, ಒಂದು ವಾರ ಹತ್ತು ದಿನ ಹಿಡಿಯಲಿ. ಕುದುರೆಗೆ ವಾಂತಿ ಮಾಡಲು ಬಾರದು. ಒಳಗೆ ಹೋದದ್ದು ಕೆಟ್ಟರೆ ಅದು ನರಳಲೇಬೇಕು. ನಮ್ಮ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಕೈಮುಗಿದು ಒಂದು ಮಾತು: ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಕುದುರೆಗೆ ಹಾಕಲೇಬೇಡಿ. ಎಮ್ಮೆ ತಿಂದು ಅರಗಿಸಿಕೊಳ್ಳಬಹುದಾದ ಆ ಬೂಷ್ಟಿನ ವಿಷ ಕುದುರೆಯ ಮಿದುಳನ್ನೇ ಕರಗಿಸುತ್ತದೆ. ಕೊಟ್ಟೂರು, ಕೂಡ್ಲಿಗಿಯವರು ಶೇಂಗಾ ಬಳ್ಳಿ ಹಾಕುವಾಗ ಮಣ್ಣು ಕೊಡವಿ ಹಾಕಿ, ಇಲ್ಲದಿದ್ದರೆ ಮರಳು ಕರುಳಿನಲ್ಲಿ ಕೂರುತ್ತದೆ. ಕಾಲಿನಿಂದ ನೆಲ ಕೆರೆಯುವುದು, ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳುವುದು, ಲದ್ದಿ ಹಾಕದಿರುವುದು, ಬಿದ್ದು ಹೊರಳುವುದು ಕಂಡರೆ ಅದು ಹೊಟ್ಟೆಶೂಲೆ. ಮೇವು ತೆಗೆದು, ತಕ್ಷಣ ಪಶುವೈದ್ಯರನ್ನು ಕರೆಸಿ. ಪಶು ಸಂಜೀವಿನಿ ಸಹಾಯವಾಣಿಯ ಸಂಖ್ಯೆ 1962, ಕೊಟ್ಟಿಗೆಯ ಗೋಡೆಗೆ ಬರೆದಿಟ್ಟುಕೊಳ್ಳಿ. ಧನುರ್ವಾಯು ಲಸಿಕೆ ತಪ್ಪಿಸಬೇಡಿ. ಲಾಳದ ಮೊಳೆ ತಾಗಿದ ಸಣ್ಣ ಗಾಯದಿಂದ ಕುದುರೆ ಸಾಯಬಹುದು.

• ಈಗ ಮೈಲಾರದ ಮಾತು. ಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಮಗ್ಗುಲಲ್ಲಿ ನೆಲೆನಿಂತ ಮೈಲಾರಲಿಂಗ ಕುದುರೆಯೇರಿದ ದೇವರು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಭವಿಷ್ಯ ನುಡಿಯುವ ಕಾರ್ಣಿಕದ ದಿನ, ಡೆಂಕನಮರಡಿಗೆ ದೇವಸ್ಥಾನದ ಧರ್ಮಕರ್ತರು ಕುದುರೆಯ ಮೇಲೆ ಬರುತ್ತಾರೆ. ಸುತ್ತ ಲಕ್ಷಗಟ್ಟಲೆ ಜನ, ಕಂಬಳಿ ಹೊದ್ದ ಗೊರವರ ಡಮರುಗ, ಮುಗಿಲಿಗೆ ಏಳುವ ಅರಿಶಿನದ ಭಂಡಾರ, ಏಳುಕೋಟಿಯ ಕೂಗು. ಆಮೇಲೆ ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಅಷ್ಟೂ ಜನ ಒಮ್ಮೆಲೇ ಮೌನ. ಅಂಥ ಕಡೆ ನಾಲ್ಕು ಕಾಲೂರಿ ನಿಲ್ಲುವ ಕುದುರೆ ಏನು ಸಾಮಾನ್ಯವೇ? ಕುದುರೆಯ ಮಟ್ಟಿಗೆ ಸದ್ದಿಗಿಂತ ಆ ದಿಢೀರ್ ಮೌನವೇ ಹೆಚ್ಚು ಕಷ್ಟದ್ದು. ಹಿಂಡಿನಲ್ಲಿ ಎಲ್ಲವೂ ಒಟ್ಟಿಗೆ ಸ್ತಬ್ಧವಾದವೆಂದರೆ ಯಾವುದೋ ಗಂಡಾಂತರ ಹತ್ತಿರ ಬಂದಿದೆ ಎಂದೇ ಅದರ ರಕ್ತ ಹೇಳುತ್ತದೆ.

• ನಿಮ್ಮ ಕುದುರೆಯನ್ನು ಊರ ಜಾತ್ರೆಗಾದರೂ ಕರೆದೊಯ್ಯಬೇಕೆಂದಿದ್ದರೆ ಎರಡು ತಿಂಗಳು ಮೊದಲೇ ಶುರುಮಾಡಿ. ಅದು ಮೇಯುತ್ತಿರುವಾಗ ನೂರು ಹೆಜ್ಜೆ ದೂರದಲ್ಲಿ ಒಬ್ಬ ಡಮರುಗ ಬಾರಿಸಲಿ. ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿತೇ? ಆ ದಿನಕ್ಕೆ ದೂರ ಅಷ್ಟೇ, ಮುಂದಕ್ಕೆ ಬರಬೇಡಿ. ಮತ್ತೆ ಮೇವಿಗೆ ಬಾಯಿ ಹಾಕಿದಾಗ ಬಾರಿಸುವುದು ನಿಲ್ಲಲಿ. ದಿನಕ್ಕೆ ಹತ್ತು ಹೆಜ್ಜೆ ಹತ್ತಿರ ಬಂದರೂ ಸಾಕು. ಆಮೇಲೆ ಗೆಳೆಯರನ್ನು ಕೂಡಿಸಿ ಏಳುಕೋಟಿ ಕೂಗಿಸಿ, ಕೂಗಿ ಥಟ್ಟನೆ ಸುಮ್ಮನಾಗಿಸಿ. ಆ ಮೌನದಲ್ಲಿ ನೀವು ಮಾತ್ರ ಮೆಲ್ಲಗೆ ಮಾತಾಡುತ್ತ ಹೆಗಲು ಕೆರೆಯುತ್ತಿರಿ. ಭಂಡಾರವನ್ನು ಮೊದಲು ನಿಮ್ಮ ಮೈಗೆ ಬಳಿದುಕೊಂಡು ಹತ್ತಿರ ಹೋಗಿ, ಮೂಸಲಿ. ಕೆಂಪು ಹಸಿರುಗಳ ಭೇದ ಕುದುರೆಗೆ ಅಷ್ಟಾಗಿ ತಿಳಿಯದು, ಆದರೆ ಹಳದಿ ಚೆನ್ನಾಗಿ ಕಾಣುತ್ತದೆ. ಗಾಳಿಯಲ್ಲಿ ಏಳುವ ಹಳದಿ ಮೋಡ ಅದಕ್ಕೆ ನಿಜಕ್ಕೂ ದೊಡ್ಡ ಸಂಗತಿ. ಜಾತ್ರೆಯಲ್ಲಿ ಒದ್ದೆ ಬಟ್ಟೆ ಜೊತೆಗಿರಲಿ, ಮೂಗು ಕಣ್ಣು ಆಗಾಗ ಒರೆಸಿ. ಕುದುರೆ ಬಾಯಿಂದ ಉಸಿರಾಡಲಾರದು, ಅದಕ್ಕೆ ಮೂಗೊಂದೇ ದಾರಿ. ಮೊದಲ ವರ್ಷ ಜಾತ್ರೆಯ ಅಂಚಿನಲ್ಲಿ ನಿಂತು ಬಂದುಬಿಡಿ. ಒಳಗೆ ನುಗ್ಗುವ ಹಂಬಲ ಮರುವರ್ಷಕ್ಕಿರಲಿ. ಅದಕ್ಕೆ ತಡೆಯಲಾಗುತ್ತಿಲ್ಲ ಎಂದು ಕಂಡರೆ ಅಲ್ಲಿಂದ ಹೊರಗೆ ಕರೆತರುವುದು ಸೋಲಲ್ಲ. ಕೈಮೀರಿದಾಗ ಇವನು ನನ್ನನ್ನು ಹೊರಗೆ ತರುತ್ತಾನೆ ಎಂದು ಒಮ್ಮೆ ತಿಳಿದ ಕುದುರೆ, ಮುಂದಿನ ಸಲ ಇನ್ನೂ ನಾಲ್ಕು ಹೆಜ್ಜೆ ಒಳಗೆ ಬರುತ್ತದೆ.

• ಮದುವೆ ಮೆರವಣಿಗೆಯಲ್ಲಿ ಕುದುರೆ ಕುಣಿಸುವುದರ ಬಗ್ಗೆ ನನ್ನ ಮನಸ್ಸು ನೋಯುತ್ತದೆ. ಡಿಜೆ ಪೆಟ್ಟಿಗೆಯ ಪಕ್ಕ, ಪಟಾಕಿಯ ನಡುವೆ, ಕಾಲಿಗೆ ಗೆಜ್ಜೆ ಕಟ್ಟಿ, ಲಗಾಮು ಮೇಲಕ್ಕೆ ಜಗ್ಗಿ, ಕೋಲಿನಿಂದ ಮೊಣಕಾಲು ತಟ್ಟಿ ಕುಣಿಸುತ್ತಾರೆ. ಬಿಳಿಗಣ್ಣು ಬಿಟ್ಟು, ಬಾಲ ಬಡಿಯುತ್ತ, ನೊರೆಯಾಗಿ ಬೆವರಿದ ಆ ಜೀವದಲ್ಲಿ ಸಂತೋಷ ಎಲ್ಲಿದೆ? ಒತ್ತಾಯದಿಂದ ಮಾಡಿಸಿದ್ದರಲ್ಲಿ ಚೆಲುವಿರುವುದಿಲ್ಲ ಎಂದು ಗ್ರೀಸ್ ದೇಶದ ಕ್ಸೆನೊಫನ್ ಎಂಬ ದಳಪತಿ ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಕುದುರೆ ಸವಾರಿಯ ಪುಸ್ತಕದಲ್ಲಿ ತಿಳಿಸಿಹೇಳಿದ್ದ. ಮದುಮಗನನ್ನು ಕೂರಿಸಿಕೊಂಡು ಗಂಭೀರವಾಗಿ ನಡೆದುಬರುವ ಕುದುರೆಗಿಂತ ಬೇರೆ ಶೋಭೆ ಬೇಕೇ? ಬಾಡಿಗೆ ಮಾತಾಡುವಾಗಲೇ ಹೇಳಿ: ಪೆಟ್ಟಿಗೆ ಇಷ್ಟು ದೂರ, ಪಟಾಕಿ ಇಲ್ಲ, ಕುಣಿತ ಇಲ್ಲ. ಒಪ್ಪದಿದ್ದರೆ ಆ ಬಾಡಿಗೆ ಬಿಡಿ. ಕುದುರೆಯ ಬದಲು ಮಾತಾಡುವವರು ನಿಮ್ಮನ್ನು ಬಿಟ್ಟರೆ ಅಲ್ಲಿ ಯಾರೂ ಇಲ್ಲ.

• ಸಿಟ್ಟು ಬಂತೋ, ಹಗ್ಗ ಕಟ್ಟಿ ಹೊರಗೆ ಬನ್ನಿ. ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗುವ ಹಕ್ಕು ಯಾರಿಗೂ ಇಲ್ಲ. ಕುಡಿದು ಹೋಗುವ ಮಾತಂತೂ ಬೇಡವೇ ಬೇಡ. ಕುಡಿದವನ ಕೈ ಅದೇ ಕೈಯಲ್ಲ, ದನಿ ಅದೇ ದನಿಯಲ್ಲ, ನಡೆ ಅದೇ ನಡೆಯಲ್ಲ. ಹದಿನೈದು ದಿನ ಕಟ್ಟಿದ್ದು ಒಂದು ಸಂಜೆಯಲ್ಲಿ ಹೋಗುತ್ತದೆ.

• ಕಾಯುವುದನ್ನು ಕಲಿಯಲು ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಅವರನ್ನು ನೋಡಿ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸೆನೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ವೈಯಕ್ತಿಕ ಬೆಳ್ಳಿ ತಂದರು. 1982ರ ನಂತರ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಆಮೇಲೆ ಆ ಕುದುರೆ ಗಾಯಗೊಂಡು ಬಹಳ ಕಾಲ ಸ್ಪರ್ಧೆಯಿಂದ ದೂರವಿತ್ತು. ಅದು ಗುಣವಾಗುವವರೆಗೂ ಕಾದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಕೈಯಲ್ಲಿ ಬೇರೆ ಕುದುರೆಯಿದ್ದರೂ ಕಡೆಗೆ ಮೆಡಿಕಾಟನ್ನೇ ಆರಿಸಿಕೊಂಡು 23ನೇ ಸ್ಥಾನ ಪಡೆದರು. ಕುಂಟುವ ಕುದುರೆಗೆ ಎರಡು ದಿನ ವಿಶ್ರಾಂತಿ ಕೊಡಲು ಹಿಂಜರಿಯುವವರು ಇದನ್ನು ಯೋಚಿಸಿ.

• ಹೆಣ್ಣುಮಕ್ಕಳಿಗೆ ಕುದುರೆ ಏರಲು ಬಿಡಿ. ಬಲ ನಂಬಿ ಏರುವವರಿಗಿಂತ ಗಮನ ನಂಬಿ ಏರುವವರ ಕೆಳಗೆ ಕುದುರೆ ಬೇಗ ಸಡಿಲಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ಮೊದಲು ಮೈ ತಿಕ್ಕುವುದನ್ನು, ಲದ್ದಿ ಬಳಿಯುವುದನ್ನು ಕಲಿಸಿ, ಸವಾರಿ ಆಮೇಲೆ. ತಲೆಗೆ ಹೆಲ್ಮೆಟ್ ಇಲ್ಲದೆ ಯಾರೂ ಏರಬಾರದು, ನೀವೂ ಸೇರಿ. ರಿಕಾಪಿಗೆ ಕಾಲು ಸಿಕ್ಕಿಹಾಕಿಕೊಳ್ಳದಂತೆ ಹಿಮ್ಮಡಿಯಿರುವ ಬೂಟು ಬೇಕು. ಚಪ್ಪಲಿ ಮೆಟ್ಟಿ ಹತ್ತಬೇಡಿ.

• ಸಾಕಲಾಗದ ದಿನ ಬಂದರೆ, ಕುದುರೆಗೆ ಮುಪ್ಪು ಬಂದರೆ, ಬೆಲೆ ನೋಡಿ ಮಾರಬೇಡಿ, ಮನೆ ನೋಡಿ ಕೊಡಿ. ಹೊಸ ಮನೆಯವರನ್ನು ಮೊದಲು ನಿಮ್ಮ ಕೊಟ್ಟಿಗೆಗೇ ಕರೆಸಿ, ನಾಲ್ಕಾರು ದಿನ ಅವರ ಕೈಯಿಂದಲೇ ಮೇವು ಹಾಕಿಸಿ. ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಡಿ: ಯಾವ ಹೆಸರಿಗೆ ಬರುತ್ತದೆ, ನಿಲ್ಲಲು ಯಾವ ಕೂಗು, ಯಾವ ಬದಿಯಿಂದ ಬಂದರೆ ಬೆದರುತ್ತದೆ, ಹುರಳಿ ಎಷ್ಟು, ಹಲ್ಲು ಸವೆದಿದ್ದರೆ ಹುಲ್ಲನ್ನು ಎಷ್ಟು ಸಣ್ಣಗೆ ಕತ್ತರಿಸಬೇಕು, ಕೆರೆದರೆ ಎಲ್ಲಿ ಸುಖ, ಯಾವ ಕಾಲಿನಲ್ಲಿ ಹಳೆಯ ನೋವಿದೆ, ಲಸಿಕೆ ಹಾಕಿಸಿದ್ದು ಯಾವಾಗ. ಜೊತೆಯಲ್ಲಿದ್ದ ಆಡನ್ನೂ ಕೇಳಿದರೆ ಕೊಟ್ಟುಬಿಡಿ. ತಿಂಗಳು ಕಳೆದ ಮೇಲೆ ಹೋಗಿ ನೋಡಿಕೊಂಡು ಬನ್ನಿ; ಸೊರಗಿದ್ದರೆ ವಾಪಸು ತರುವ ಕರಾರು ಮೊದಲೇ ಆಗಿರಲಿ.